ಗಂಡನ ಸಾಲಕ್ಕೆ ಹೆಂಡತಿಯ ಸಹಿ: ಒಂಬೈನೂರು ವರ್ಷ ಹಳೆಯ ಪ್ರಶ್ನೆ

ಗಂಡ ಮಾಡಿದ ಸಾಲವನ್ನು ಹೆಂಡತಿ ತೀರಿಸಬೇಕಾ? ಇದು ಇವತ್ತಿನ ಬ್ರೇಕಿಂಗ್ ನ್ಯೂಸ್ ಅಲ್ಲ. ಈ ಪ್ರಶ್ನೆಗೆ ನಮ್ಮ ನೆಲದಲ್ಲೇ ಸುಮಾರು ಒಂಬೈನೂರು ವರ್ಷಗಳ ಹಿಂದೆ ಉತ್ತರ ಬರೆದಿಟ್ಟಿದ್ದಾರೆ. ಆದರೆ ಈಗಲೂ ಪ್ರತಿದಿನ ಯಾವುದೋ ಬ್ಯಾಂಕಿನ ಸಾಲದ ವಿಭಾಗದಲ್ಲಿ ಒಬ್ಬ ಹೆಣ್ಣುಮಗಳು ಪೆನ್ನು ಹಿಡಿದುಕೊಂಡು, "ರೀ, ಇದಕ್ಕೆ ನಾನ್ಯಾಕೆ ಸಹಿ ಹಾಕಬೇಕು?" ಅಂತ ಕೇಳುತ್ತಿರುತ್ತಾಳೆ. ಪಕ್ಕದಲ್ಲಿ ಕೂತವನಿಗೆ ಸರಿಯಾದ ಉತ್ತರ ಗೊತ್ತಿರುವುದಿಲ್ಲ. "ಫಾರ್ಮಾಲಿಟಿ ಅಷ್ಟೇ" ಅನ್ನುತ್ತಾನೆ.

ಫಾರ್ಮಾಲಿಟಿ ಅಲ್ಲ ಸ್ವಾಮಿ. ಆ ಒಂದು ಸಹಿಯಲ್ಲಿ ಇಡೀ ಮನೆ ಇದೆ.

ಶಿವಮೊಗ್ಗದ ಗಾಂಧಿ ಬಜಾರ್‌ ಅನ್ನೇ ತೆಗೆದುಕೊಳ್ಳಿ. ಬಟ್ಟೆ, ಚಿನ್ನ, ಪಾತ್ರೆ, ದಿನಸಿ, ಎಲ್ಲವೂ ಸಿಗುವ ಬೀದಿ. ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬಾ ಜಾತ್ರೆ ಬಂದಾಗ ದೇವಿಯ ತವರುಮನೆ ಇದೇ ಗಾಂಧಿ ಬಜಾರ್. ಮೊದಲ ದಿನದ ಪೂಜೆ, ಮಡಿಲಕ್ಕಿ ಎಲ್ಲ ಇಲ್ಲೇ. ಆಮೇಲೆ ಮೆರವಣಿಗೆಯಲ್ಲಿ ದೇವಿ ಕೋಟೆ ಕಡೆ ಹೊರಡುತ್ತಾಳೆ. ತವರಿನಿಂದ ಹೆಣ್ಣುಮಗಳು ಏನು ತಗೊಂಡು ಹೋಗ್ತಾಳೆ, ಅದು ಯಾರದ್ದು ಅನ್ನುವ ಮಾತು ಈ ಊರಿಗೆ ಹೊಸದಲ್ಲ.

ಈಗ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗಾಂಧಿ ಬಜಾರ್‌ನ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಹಳೆಯ ಮನೆ. ತಾಯಿಯಿಂದ ಮಗಳಿಗೆ ಬಂದಿದ್ದು. ಗಂಡನಿಗೆ ಭದ್ರಾವತಿಯಲ್ಲಿ ಕೆಲಸ ಇತ್ತು, ಹೋಯ್ತು. ಕ್ರೆಡಿಟ್ ಕಾರ್ಡ್ ಬಾಕಿ, ಬೈಕ್ ಸಾಲದ ಕಂತು ತಪ್ಪಿತು, ಸಿಬಿಲ್ ಸ್ಕೋರ್ ನೆಲ ಕಚ್ಚಿತು. ಹೆಂಡತಿಯ ಹೆಸರಲ್ಲಿ ಸಂಘದ ಸಾಲ, ಅದರಲ್ಲೂ ಎರಡು ಮೂರು ಕಂತು ಬಾಕಿ. ಈಗ ಮಗಳ ಕಾಲೇಜು ಫೀಸಿಗೆ, ಒಂದು ಸಣ್ಣ ಅಂಗಡಿಗೆ ಅಂತ 5 ಲಕ್ಷ ಬೇಕು. ಇರುವುದು ಮನೆ ಒಂದೇ. ಸಿಗುತ್ತಾ ಸಾಲ? ಸಿಕ್ಕರೆ ಯಾರ ತಲೆ ಮೇಲೆ?

ಇದಕ್ಕೆ ಉತ್ತರ ಹುಡುಕಲು ನಾವು ಮೊದಲು ಹೋಗಬೇಕಾದ್ದು ಬ್ಯಾಂಕಿಗಲ್ಲ. ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ.

ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯ ಆಳಿದ್ದು 1076ರಿಂದ 1126ರವರೆಗೆ. ಅವನ ರಾಜಧಾನಿಯಲ್ಲಿ ಕೂತು ವಿಜ್ಞಾನೇಶ್ವರ ಎಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ಒಂದು ವ್ಯಾಖ್ಯಾನ ಬರೆದ. ಅದೇ 'ಮಿತಾಕ್ಷರ'. ಮುಂದೆ ಬ್ರಿಟಿಷರ ಕೋರ್ಟುಗಳು ದೇಶದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ವ್ಯಾಜ್ಯವನ್ನು ಇದೇ ಪುಸ್ತಕ ಇಟ್ಟುಕೊಂಡು ತೀರ್ಮಾನಿಸಿದವು. ಆಸ್ತಿ ಪಾಲಿನ ವಿಚಾರಕ್ಕೆ ಮಿತಾಕ್ಷರದ ಹೆಸರು ಎಲ್ಲರೂ ಹೇಳ್ತಾರೆ. ಸಾಲದ ಅಧ್ಯಾಯದ ಬಗ್ಗೆ ಮಾತಾಡುವವರು ಕಡಿಮೆ.

ಅಲ್ಲಿ ಏನಿದೆ ಗೊತ್ತಾ? ಗಂಡ ಮಾಡಿದ ಸಾಲವನ್ನು ಹೆಂಡತಿ ಕೊಡಬೇಕಾಗಿಲ್ಲ. ಹೆಂಡತಿ ಮಾಡಿದ ಸಾಲವನ್ನು ಗಂಡ ಕೊಡಬೇಕಾಗಿಲ್ಲ. ಇದು ಮೂಲ ನಿಯಮ. ಆಮೇಲೆ ವಿನಾಯಿತಿಗಳು. ಒಂದು, ಆ ಸಾಲ ಕುಟುಂಬಕ್ಕಾಗಿ ಮಾಡಿದ್ದಾಗಿದ್ದರೆ ಲೆಕ್ಕ ಬೇರೆ. ಎರಡು, ಹೆಂಡತಿ ತಾನಾಗಿ ಒಪ್ಪಿಕೊಂಡ ಸಾಲ, ಅಥವಾ ಗಂಡನ ಜೊತೆ ಸೇರಿ ಮಾಡಿದ ಸಾಲವಾಗಿದ್ದರೆ ಅವಳೂ ಕೊಡಬೇಕು. ಮೂರನೆಯದು ಇನ್ನೂ ಸ್ವಾರಸ್ಯ. ಗೊಲ್ಲರು, ಅಗಸರು, ನಟರು, ಬೇಟೆಗಾರರು, ಹೆಂಡ ತಯಾರಿಸುವವರು, ಇವರ ಹೆಂಡತಿಯರು ಮಾಡಿದ ಸಾಲವನ್ನು ಗಂಡ ತೀರಿಸಲೇಬೇಕು. ಯಾಕೆ? ಆ ಮನೆಗಳ ಜೀವನ ನಡೆಯುವುದೇ ಹೆಂಡತಿಯ ದುಡಿಮೆಯ ಮೇಲೆ.

ನಾನು ಇಂಜಿನಿಯರಿಂಗ್ ಓದಿದವನು. ಹಳೆಯ ಶಾಸ್ತ್ರ ಗ್ರಂಥ ಅಂದರೆ ಬರೀ ಪೂಜೆ ಪುನಸ್ಕಾರ ಅಂದುಕೊಂಡಿದ್ದವರ ಪೈಕಿ ನಾನೂ ಒಬ್ಬ. ಓದಿದರೆ ಇದು ಒಂದು ಫ್ಲೋಚಾರ್ಟ್ ಥರ ಇದೆ! ಯಾರು ಸಾಲ ಮಾಡಿದರು? ಯಾಕೆ ಮಾಡಿದರು? ಜೊತೆಗೆ ಯಾರು ಒಪ್ಪಿದರು? ದುಡಿಮೆ ಯಾರದ್ದು? ನಾಲ್ಕೇ ಪ್ರಶ್ನೆ. ಇವತ್ತಿನ ಸಾಲದ ಅರ್ಜಿಯಲ್ಲಿ ಇರುವುದೂ ಹೆಚ್ಚುಕಡಿಮೆ ಇವೇ. 'ಗಂಡನ ಜೊತೆ ಸೇರಿ ಮಾಡಿದ ಸಾಲ' ಅನ್ನುವುದನ್ನು ನಾವು ಈಗ 'ಕೋ ಅಪ್ಲಿಕೆಂಟ್' ಅಂತೀವಿ. ಅಷ್ಟೇ ವ್ಯತ್ಯಾಸ.

ಹಾಗಂತ ಆ ಕಾಲವನ್ನು ಸ್ವರ್ಗ ಮಾಡುವುದು ಬೇಡ. ಜಾತಿ ನೋಡಿ ನಿಯಮ, ಹೆಣ್ಣಿಗೆ ಆಸ್ತಿಯಲ್ಲಿ ಸಿಗುತ್ತಿದ್ದುದು ಅಲ್ಪಸ್ವಲ್ಪ. ಆದರೆ ಅವಳದ್ದು ಅಂತ ಇದ್ದ ಸ್ತ್ರೀಧನವನ್ನು ಗಂಡನ ಸಾಲಗಾರ ಬಂದು ಎಳೆದುಕೊಂಡು ಹೋಗುವಂತಿಲ್ಲ ಅನ್ನುವ ಮೂಲ ತತ್ವ ಇತ್ತಲ್ಲ, ಅದು ದೊಡ್ಡದು.

ಇನ್ನು ಅಡಮಾನದ ಮಾತು. ಹಳೆಯ ಶಾಸ್ತ್ರದಲ್ಲಿ ಅಡವಿಗೆ 'ಆಧಿ' ಅಂತಾರೆ. ಎರಡು ಬಗೆ. ಒಂದು, ಸಾಲ ಕೊಟ್ಟವನು ಸುಮ್ಮನೆ ಭದ್ರವಾಗಿ ಇಟ್ಟುಕೊಳ್ಳುವ ವಸ್ತು. ಇನ್ನೊಂದು, ಅವನು ಬಳಸಿಕೊಳ್ಳುವ ವಸ್ತು, ಅಂದರೆ ಭೋಗ್ಯ. ಭೋಗ್ಯಕ್ಕೆ ಕೊಟ್ಟ ಆಸ್ತಿ ಎಷ್ಟೇ ಕಾಲವಾದರೂ ಮಾಲೀಕನ ಕೈ ತಪ್ಪುವುದಿಲ್ಲ ಅಂತ ನಿಯಮ. ಈಗ ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಒಂದು ಬೀದಿ ಸುತ್ತಿ ಬನ್ನಿ. 'ಮನೆ ಭೋಗ್ಯಕ್ಕಿದೆ' ಅನ್ನುವ ಬೋರ್ಡು ಕಾಣುತ್ತೆ. ಬಾಡಿಗೆ ಇಲ್ಲ, ಬಡ್ಡಿ ಇಲ್ಲ, ಇಷ್ಟು ಲಕ್ಷ ಕೊಡಿ, ಮೂರು ವರ್ಷ ಇರಿ, ಹೋಗುವಾಗ ಹಣ ವಾಪಸ್. ಅದು ಬರೀ ಮನೆ ಬಾಡಿಗೆಯ ಒಂದು ರೀತಿ ಅಂದುಕೊಂಡಿದ್ದೀವಿ. ಅಲ್ಲ. ಸ್ಕೋರ್ ಕೇಳದೆ ಮನೆ ಮೇಲೆ ಹಣ ಎತ್ತುವ ಅತಿ ಹಳೆಯ ದಾರಿ ಅದು. ಆ ಪದ ಅಷ್ಟು ಶತಮಾನ ದಾಟಿ ನಮ್ಮ ಬಾಯಲ್ಲಿ ಉಳಿದಿದೆ.

ಬಡ್ಡಿಗೂ ಒಂದು ಮಿತಿ ಇತ್ತು. ದಾಮ್‌ದುಪ್ಪಟ್ ಅಂತ ಹೆಸರು. ಒಂದು ಸಲಕ್ಕೆ ವಸೂಲಿ ಮಾಡುವ ಬಾಕಿ ಬಡ್ಡಿ ಅಸಲನ್ನು ಮೀರಬಾರದು. ಹಳೆಯ ಮುಂಬೈ ಪ್ರಾಂತದಲ್ಲಿ, ಅಂದರೆ ನಮ್ಮ ಧಾರವಾಡ, ಬೆಳಗಾವಿ ಕಡೆಯೂ, ಬ್ರಿಟಿಷ್ ಕೋರ್ಟುಗಳೇ ಈ ನಿಯಮವನ್ನು ಮಾನ್ಯ ಮಾಡಿದ್ದವು.

ಇಂಗ್ಲೆಂಡಿನಲ್ಲಿ ಆಗ ಏನು ನಡೀತಿತ್ತು? ಅಲ್ಲಿ ಅಡಮಾನ ಅಂದರೆ ಹೇಳಿದ ದಿನ ಹಣ ಕಟ್ಟದಿದ್ದರೆ ಮನೆ ಹೋಯ್ತು, ಮುಗೀತು. ಒಂದು ದಿನ ತಡವಾದರೂ ಇಲ್ಲ. ಇದು ಅನ್ಯಾಯ ಅಂತ ಅಲ್ಲಿನ ಚಾನ್ಸರಿ ಕೋರ್ಟು 17ನೇ ಶತಮಾನದಲ್ಲಿ ಒಂದು ಹಕ್ಕನ್ನು ಗಟ್ಟಿ ಮಾಡಿತು. ತಡವಾದರೂ ಅಸಲು ಬಡ್ಡಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು. ಆ ಹಕ್ಕಿನ ಹೆಸರೇ 'ಈಕ್ವಿಟಿ'. ಇವತ್ತು ಅಮೆರಿಕದಲ್ಲಿ ಹೋಮ್ ಈಕ್ವಿಟಿ ಅಂತಾರಲ್ಲ, ಆ ಪದ ಹುಟ್ಟಿದ್ದು ಇಲ್ಲಿಂದ. ಅದು ಮೊದಲು ಹಣದ ಲೆಕ್ಕ ಆಗಿರಲಿಲ್ಲ. ನ್ಯಾಯದ ಮಾತಾಗಿತ್ತು.

ಆ ನ್ಯಾಯ 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ನಮಗೂ ಬಂತು. 58ನೇ ಸೆಕ್ಷನ್ನಿನಲ್ಲಿ ಆರು ಬಗೆಯ ಅಡಮಾನ. ಭೋಗ್ಯವೂ ಅದರಲ್ಲಿ ಇದೆ. ಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟು ಮಾಡುವ ಅಡಮಾನವೂ ಇದೆ. 60ನೇ ಸೆಕ್ಷನ್ನು ಬಿಡಿಸಿಕೊಳ್ಳುವ ಹಕ್ಕು. ಆದರೆ ಇನ್ನೊಂದು ಬಗೆ ಇದೆ, ಅಲ್ಲಿ ಹುಷಾರು: ಷರತ್ತಿನ ಕ್ರಯ. 'ಈಗ ಮಾರಿದ ಹಾಗೆ ಬರೆದುಕೊಡು, ಹಣ ಕೊಟ್ಟಾಗ ವಾಪಸ್ ಬರೆದುಕೊಡ್ತೀನಿ' ಅನ್ನುವ ವ್ಯವಹಾರ. 1929ರ ತಿದ್ದುಪಡಿ ಹೇಳುತ್ತೆ, ಆ ವಾಪಸ್ಸಿನ ಷರತ್ತು ಅದೇ ಕ್ರಯಪತ್ರದ ಒಳಗೇ ಇರಬೇಕು. ಬೇರೆ ಕಾಗದದಲ್ಲಿ ಬರೆದುಕೊಂಡರೆ, ಬಾಯಿಮಾತಿನಲ್ಲಿ ಹೇಳಿದರೆ, ಅದು ಅಡಮಾನ ಅಲ್ಲ. ಮನೆ ಮಾರಿದ ಹಾಗೆಯೇ. ಸುಮಾರು ನೂರು ವರ್ಷದ ಹಿಂದಿನ ಈ ತಿದ್ದುಪಡಿ ಗೊತ್ತಿಲ್ಲದೆ ಇವತ್ತಿಗೂ ಜನ ಮನೆ ಕಳೆದುಕೊಳ್ತಿದ್ದಾರೆ.

ಇನ್ನೊಂದು ಪ್ರಶ್ನೆ, ನಂಬಿಕೆಯದ್ದು. ಸಾಲ ಕೊಡುವವನು ಯಾರನ್ನು ನಂಬಿ ಕೊಡ್ತಾನೆ?

ಹಿಂದೆ ನಂಬಿಕೆ ಮುಖದ ಮೇಲಿತ್ತು. ಬಜಾರಿನ ಸಾಹುಕಾರನಿಗೆ ನಿಮ್ಮಪ್ಪ ಗೊತ್ತು, ನಿಮ್ಮ ತಾತ ಗೊತ್ತು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಸಾಹುಕಾರನ ಜಾಗದಲ್ಲಿ ಊರಿನ ಹತ್ತು ಜನ ಬಂದರು. ಯಾರು ಕಟ್ಟುತ್ತಾರೆ, ಯಾರು ಕಟ್ಟಲ್ಲ ಅಂತ ಊರಿಗೆ ಗೊತ್ತಿತ್ತು. ಅದೇ ಆ ಕಾಲದ ಕ್ರೆಡಿಟ್ ರಿಪೋರ್ಟ್.

ಭದ್ರಾವತಿಯಲ್ಲಿ ಮೂರನೇ ಬಗೆಯ ನಂಬಿಕೆ ಹುಟ್ಟಿತು: ಸಂಬಳದ ಚೀಟಿ. ಬೆಂಕಿಪುರ ಅಂತಿದ್ದ ಊರಿನಲ್ಲಿ ಮೈಸೂರು ಸರ್ಕಾರ ಕಬ್ಬಿಣದ ಕಾರ್ಖಾನೆ ಕಟ್ಟಿತು. 1923ರ ಜನವರಿಯಲ್ಲಿ ಉತ್ಪಾದನೆ ಶುರುವಾಯ್ತು. ಸರ್ ಎಂ. ವಿಶ್ವೇಶ್ವರಯ್ಯನವರು ಅದನ್ನು ನಷ್ಟದಿಂದ ಮೇಲೆತ್ತಲು ಬೆವರು ಸುರಿಸಿದರು. 1930ರ ದಶಕದಲ್ಲಿ ಕಾಗದದ ಕಾರ್ಖಾನೆ, ಎಂಪಿಎಂ, ಬಂತು. ಕಾರ್ಖಾನೆಯ ಸಂಬಳದ ಚೀಟಿ ತೋರಿಸಿದರೆ ಸಾಕು, ಸಾಲ ಸಿಗುತ್ತಿತ್ತು. ಹೆಣ್ಣು ಕೊಡುವವರೂ ಅದನ್ನೇ ನೋಡ್ತಿದ್ದರು! ಆಮೇಲೆ? 2015ರ ಹೊತ್ತಿಗೆ ಎಂಪಿಎಂನಲ್ಲಿ ಉತ್ಪಾದನೆ ನಿಂತಿತು. ಕಬ್ಬಿಣದ ಕಾರ್ಖಾನೆ ಕೇಂದ್ರದ ಸೈಲ್ ಕೈಗೆ ಹೋಗಿ, ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದರು. ಸಂಬಳದ ಚೀಟಿ ನಿಂತ ಮನೆಯಲ್ಲಿ ಕಂತು ತಪ್ಪಲು ಎಷ್ಟು ದಿನ ಬೇಕು ಹೇಳಿ? ಅದು ಆ ಮನುಷ್ಯನ ಸೋಮಾರಿತನವೂ ಅಲ್ಲ, ಮೋಸವೂ ಅಲ್ಲ. ಆದರೆ ಸ್ಕೋರಿಗೆ ಅದೆಲ್ಲ ಗೊತ್ತಾಗಲ್ಲ.

ಈಗ ನಾಲ್ಕನೇ ನಂಬಿಕೆ. 2000ದಲ್ಲಿ ಸಿಬಿಲ್ ಸ್ಥಾಪನೆಯಾಯ್ತು. 2005ರಲ್ಲಿ ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ ಕಾಯ್ದೆ ಬಂತು. 300ರಿಂದ 900ರ ನಡುವೆ ಒಂದು ಸಂಖ್ಯೆ. ಸಾಹುಕಾರನಿಗೆ ನಿಮ್ಮ ಕಥೆ ಗೊತ್ತಿತ್ತು. ಇದಕ್ಕೆ ನಿಮ್ಮ ತಾರೀಖು ಮಾತ್ರ ಗೊತ್ತು. ಒಂದು ಒಳ್ಳೆಯದೂ ಇದೆ, ಇದು ನಿಮ್ಮ ಜಾತಿ ಕೇಳಲ್ಲ, ಮುಖ ನೋಡಲ್ಲ.

ಇಲ್ಲೊಂದು ವಿಷಯ ಸ್ಪಷ್ಟವಾಗಿ ತಿಳ್ಕೊಳ್ಳಿ. ಮದುವೆಯಾದ ಮಾತ್ರಕ್ಕೆ ಗಂಡ ಹೆಂಡತಿಯ ಸ್ಕೋರ್ ಒಂದಾಗಲ್ಲ. ಅವನ ಕೆಟ್ಟ ದಾಖಲೆ ಅವಳ ಲೆಕ್ಕಕ್ಕೆ ಬರಲ್ಲ. ಯಾವಾಗ ಬರುತ್ತೆ? ಇಬ್ಬರೂ ಸೇರಿ ಸಾಲ ಮಾಡಿದಾಗ, ಅಥವಾ ಒಬ್ಬರಿಗೆ ಇನ್ನೊಬ್ಬರು ಜಾಮೀನು ನಿಂತಾಗ. ಜಾಮೀನಿನ ಬಗ್ಗೆ 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಹೇಳೋದು ಇಷ್ಟೇ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. 'ಮೊದಲು ಅವನನ್ನ ಕೇಳಿ, ಆಮೇಲೆ ನನ್ನನ್ನ ಕೇಳಿ' ಅನ್ನೋ ಹಾಗಿಲ್ಲ.

ಹೆಣ್ಣಿನ ಆಸ್ತಿಯ ಕಥೆಯೂ ಇದರ ಜೊತೆಗೇ ಬೆಳೆಯಿತು. 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಮಹಿಳೆಯರ ಹಕ್ಕಿನ ಕಾಯ್ದೆ ತಂದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ದೇಶದ ಉಳಿದ ಭಾಗ ಇನ್ನೂ ಚರ್ಚೆ ಮಾಡುತ್ತಿದ್ದಾಗ ಇಲ್ಲಿ ಸ್ತ್ರೀಧನದ ಅರ್ಥ ಹಿಗ್ಗಿತು, ಹೆಣ್ಣಿಗೆ ಅದರ ಮೇಲೆ ಪೂರ್ಣ ಅಧಿಕಾರ ಸಿಕ್ಕಿತು. 1956ರ ಉತ್ತರಾಧಿಕಾರ ಕಾಯ್ದೆಯ 14ನೇ ಸೆಕ್ಷನ್ ಹಿಂದೂ ಹೆಣ್ಣಿನ ಆಸ್ತಿಗೆ ಅವಳೇ ಸಂಪೂರ್ಣ ಒಡತಿ ಅಂತು. 1994ರಲ್ಲಿ ಕರ್ನಾಟಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, 2005ರಲ್ಲಿ ಇಡೀ ದೇಶ ಕೊಟ್ಟಿತು.

ಎಂಥಾ ವಿಚಿತ್ರ ನೋಡಿ. ಹೆಣ್ಣಿಗೆ ಆಸ್ತಿ ಇಲ್ಲದಿದ್ದಾಗ ಅವಳ ಸಹಿ ಯಾರಿಗೂ ಬೇಕಿರಲಿಲ್ಲ. ಆಸ್ತಿ ಬಂದ ಕೂಡಲೇ ಎಲ್ಲರಿಗೂ ಅವಳ ಸಹಿ ಬೇಕು! ಬೇರೆ ಕಡೆಯೂ ಹೀಗೇ. ಅಮೆರಿಕದಲ್ಲಿ 1974ರಲ್ಲಿ ಸಮಾನ ಸಾಲಾವಕಾಶ ಕಾಯ್ದೆ ಬರುವವರೆಗೂ ಮದುವೆಯಾದ ಹೆಣ್ಣಿಗೆ ಗಂಡನ ಸಹಿ ಇಲ್ಲದೆ ಸಾಲ ಇಲ್ಲ ಅನ್ನುವುದು ಮಾಮೂಲಿಯಾಗಿತ್ತು. ಅದೇ ದೇಶದ ಟೆಕ್ಸಾಸ್ ರಾಜ್ಯದಲ್ಲಿ 1839ರಿಂದಲೇ ವಾಸದ ಮನೆಗೆ ಕಾನೂನಿನ ರಕ್ಷಣೆ ಇತ್ತು. ಮನೆ ಮೇಲೆ ಕೈಸಾಲ ಎತ್ತಲು ಅಲ್ಲಿನ ಮತದಾರರು ಒಪ್ಪಿದ್ದು 1997ರಲ್ಲಿ. ಅದೂ ಹಲವು ಷರತ್ತಿನ ಮೇಲೆ: ಮನೆಯ ಮೇಲಿನ ಒಟ್ಟು ಸಾಲ ಅದರ ಬೆಲೆಯ 80% ಮೀರಬಾರದು, ಗಂಡ ಹೆಂಡತಿ ಇಬ್ಬರೂ ಒಪ್ಪಬೇಕು. ಅಷ್ಟು ದೂರ ಯಾಕೆ, ಕಾರವಾರ ದಾಟಿ ಗೋವಾಕ್ಕೆ ಹೋಗಿ. ಪೋರ್ಚುಗೀಸರ ಕಾಲದ ಸಿವಿಲ್ ಕಾನೂನು ಈಗಲೂ ಇದೆ. ಅಲ್ಲಿ ಸಾಮಾನ್ಯವಾಗಿ ಗಂಡ ಹೆಂಡತಿಯ ಆಸ್ತಿ ಇಬ್ಬರದ್ದು, ಒಬ್ಬರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಮನೆ ಪರಭಾರೆ ಮಾಡುವ ಹಾಗಿಲ್ಲ. ನಮ್ಮಲ್ಲಿ? ಗಂಡ ಸ್ವಂತ ದುಡಿಮೆಯಿಂದ ತನ್ನೊಬ್ಬನ ಹೆಸರಲ್ಲಿ ಮಾಡಿದ ಮನೆಯನ್ನು ಅಡ ಇಡಲು ಹೆಂಡತಿಯ ಸಹಿ ಕಾನೂನಿನ ಪ್ರಕಾರ ಕಡ್ಡಾಯ ಅಲ್ಲ. ಅವಳಿಗೆ ವಿಷಯ ಗೊತ್ತಾಗುವುದು ಗೋಡೆಗೆ ನೋಟಿಸ್ ಅಂಟಿದಾಗ.

ಆ ನೋಟಿಸಿನ ಕಥೆ ಶುರುವಾಗಿದ್ದು 2002ರಲ್ಲಿ. ಸರ್ಫೇಸಿ ಕಾಯ್ದೆ. ಅದಕ್ಕೂ ಮುಂಚೆ ಮನೆ ಹರಾಜು ಹಾಕಲು ಬ್ಯಾಂಕ್ ಕೋರ್ಟಿಗೆ ಅಲೆಯಬೇಕಿತ್ತು, ವರ್ಷಗಟ್ಟಲೆ. ಈಗ 90 ದಿನ ಬಾಕಿ ಬಿದ್ದರೆ ಸಾಲ ಎನ್‌ಪಿಎ. 60 ದಿನದ ನೋಟಿಸ್. ಆಮೇಲೆ ಬ್ಯಾಂಕೇ ಸ್ವಾಧೀನಕ್ಕೆ ಬರಬಹುದು. ಇಂಗ್ಲೆಂಡಿನ ಕೋರ್ಟು ಗಟ್ಟಿ ಮಾಡಿದ ಆ ಬಿಡಿಸಿಕೊಳ್ಳುವ ಹಕ್ಕು ಏನಾಯ್ತು? 2016ರ ತಿದ್ದುಪಡಿ ಮತ್ತು 2023ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಹರಾಜಿನ ನೋಟಿಸ್ ಪ್ರಕಟವಾಗುವವರೆಗೆ ಮಾತ್ರ ಅದಕ್ಕೆ ಆಯಸ್ಸು. ಶತಮಾನಗಳಿಂದ ಬಂದ ನ್ಯಾಯ ಈಗ ಒಂದು ಪತ್ರಿಕಾ ಪ್ರಕಟಣೆಯ ತಾರೀಖಿಗೆ ಬಂದು ನಿಂತಿದೆ. ಬ್ಯಾಂಕಿಗೂ ಠೇವಣಿದಾರರ ಹಣ ವಾಪಸ್ ಬರಬೇಕು, ನಿಜ. ಆದರೆ ಸಹಿ ಹಾಕುವವರಿಗೆ ಈ ಗಡಿಯಾರ ಗೊತ್ತಿರಬೇಕು.

ಹಾಗಾದರೆ ನಮ್ಮ ಓಣಿಯ ದಂಪತಿ ಏನು ಮಾಡಬೇಕು?

ಮೊದಲು ಲೆಕ್ಕ. ಬ್ಯಾಂಕ್ ಇಲ್ಲ ಅಂದ ಕೂಡಲೇ ಜನ ಹೋಗುವುದು ಖಾಸಗಿಯವರ ಹತ್ತಿರ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಅಂತಿಟ್ಟುಕೊಳ್ಳಿ. ಕೇಳಲು ಸಣ್ಣದು. ವರ್ಷಕ್ಕೆ 36%. 5 ಲಕ್ಷಕ್ಕೆ ತಿಂಗಳಿಗೆ 15,000 ರೂಪಾಯಿ, ಬರೀ ಬಡ್ಡಿ. ಕಟ್ಟದೆ ಬಿಟ್ಟರೆ 34ನೇ ತಿಂಗಳಿಗೆ ಬಡ್ಡಿಯೇ ಅಸಲನ್ನು ಮೀರುತ್ತೆ. ದಾಮ್‌ದುಪ್ಪಟ್ ಇದ್ದಿದ್ದರೆ ಅಲ್ಲಿಗೆ ನಿಲ್ಲುತ್ತಿತ್ತು, ಮೀಟರ್ ಬಡ್ಡಿಗೆ ಅದೆಲ್ಲ ಇಲ್ಲ. ಅದೇ 5 ಲಕ್ಷಕ್ಕೆ 12%ರಲ್ಲಿ 10 ವರ್ಷದ ಕಂತು ಎಷ್ಟು? ಸುಮಾರು 7,170 ರೂಪಾಯಿ, ಅಸಲೂ ಸೇರಿ. ಅಂದರೆ ಕೆಟ್ಟ ಸ್ಕೋರಿನ ನಿಜವಾದ ದಂಡ ಬ್ಯಾಂಕಿನ ಒಂದೆರಡು ಪರ್ಸೆಂಟ್ ಅಲ್ಲ. ಬ್ಯಾಂಕಿನ ಬಾಗಿಲಿನಿಂದ ಹೊರಗೆ ಬೀಳುವುದೇ ದಂಡ.

ಎರಡನೆಯದು, ಬಾಗಿಲು ಪೂರ್ತಿ ಮುಚ್ಚಿಲ್ಲ. ಕನಿಷ್ಠ ಇಷ್ಟು ಸ್ಕೋರ್ ಇರಲೇಬೇಕು ಅಂತ ರಿಸರ್ವ್ ಬ್ಯಾಂಕ್ ಎಲ್ಲೂ ಹೇಳಿಲ್ಲ. ಅದು ಆಯಾ ಬ್ಯಾಂಕಿನ ನೀತಿ. ಪ್ರತಿ ಮಾಹಿತಿ ಕಂಪನಿಯಿಂದ ವರ್ಷಕ್ಕೊಂದು ಪೂರ್ಣ ವರದಿ ಉಚಿತ. ಇಬ್ಬರೂ ತೆಗೆಸಿ, ಸಾಲು ಸಾಲಾಗಿ ಓದಿ. ತೀರಿಸಿದ ಸಾಲ ಇನ್ನೂ ಬಾಕಿ ಅಂತ ಇದ್ದರೆ ದೂರು ಕೊಡಿ. 30 ದಿನದಲ್ಲಿ ಸರಿ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ. 2025ರ ಜನವರಿಯಿಂದ ದಾಖಲೆ ಕನಿಷ್ಠ 15 ದಿನಕ್ಕೊಮ್ಮೆಯಾದರೂ ಅಪ್‌ಡೇಟ್ ಆಗಬೇಕು. ಸಂಘದ ಆ ಎರಡು ಮೂರು ಕಂತು ಮೊದಲು ಕಟ್ಟಿ. ಮನೆ ಅವಳದ್ದು, ಅವಳ ದಾಖಲೆ ರಿಪೇರಿ ಮಾಡುವುದು ಸುಲಭ, ಅವನದ್ದಕ್ಕಿಂತ.

ಮೂರನೆಯದು ಮುಖ್ಯ. ಮನೆ ಒಬ್ಬರ ಹೆಸರಲ್ಲೇ ಇದ್ದು, ಅವರ ಆದಾಯವೇ ಸಾಲುವುದಾದರೆ, ಅವರೊಬ್ಬರೇ ಅರ್ಜಿ ಹಾಕಬಹುದೇ ಅಂತ ಬ್ಯಾಂಕನ್ನು ಕೇಳಿ. ಇಬ್ಬರೂ ಸೇರಿದರೆ ಇಬ್ಬರ ಸ್ಕೋರನ್ನೂ ನೋಡ್ತಾರೆ. ಇಬ್ಬರ ಹೆಸರಲ್ಲಿ ಮನೆ ಇದ್ದರೆ ಮಾತ್ರ ಇಬ್ಬರ ಸಹಿಯನ್ನೂ ತಪ್ಪಿಸಲಾಗಲ್ಲ. ಸಾಲ ಎಷ್ಟು ಸಿಗುತ್ತೋ ಅಷ್ಟೂ ತಗೋಬೇಡಿ. ಸಾಮಾನ್ಯವಾಗಿ ಮನೆ ಬೆಲೆಯ ಅರ್ಧದಿಂದ ಮುಕ್ಕಾಲಿನೊಳಗೆ ಕೊಡ್ತಾರೆ. ನಿಮಗೆ ಬೇಕಾದ್ದು 5 ಲಕ್ಷ ಮಾತ್ರ ಅನ್ನುವುದನ್ನು ಮರೀಬೇಡಿ. ಕ್ರಯಪತ್ರ, ಜಿಪಿಎ, ಖಾಲಿ ಚೆಕ್ಕು ಕೇಳುವವನ ಹತ್ತಿರ ಮಾತ್ರ ಹೋಗಲೇಬೇಡಿ. ತೀರಿಸಿದ ಮೇಲೆ ಪತ್ರಗಳು 30 ದಿನದಲ್ಲಿ ವಾಪಸ್ ಬರಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ. ಇದು 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ.

ಕೊನೆಗೆ ಒಂದು ಮಾತು. 2022ರಲ್ಲಿ ಮೈಕ್ರೋಫೈನಾನ್ಸ್ ಸಾಲಕ್ಕೆ ರಿಸರ್ವ್ ಬ್ಯಾಂಕ್ ಹೊಸ ನಿಯಮ ಮಾಡಿತು. ಅದರಲ್ಲಿ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು, ಎಲ್ಲ ಸೇರಿ ಒಂದು ಕುಟುಂಬ. ಇಡೀ ಕುಟುಂಬದ ಕಂತು ಕುಟುಂಬದ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. 'ಕುಟುಂಬಕ್ಕಾಗಿ ಮಾಡಿದ ಸಾಲ' ಅನ್ನುವ ಕಲ್ಯಾಣದ ಪಂಡಿತನ ಮಾತು ಸುತ್ತಿ ಬಳಸಿ ಮುಂಬೈಯ ಮಿಂಟ್ ರಸ್ತೆಗೆ ಬಂದು ನಿಂತಿದೆ. ಬಡವರ ಸಣ್ಣ ಸಾಲಕ್ಕೆ ಇರುವ ಈ ಮಿತಿ, ಬಡವರ ಒಂದೇ ಮನೆಯನ್ನು ಅಡ ಇಡುವಾಗ ಯಾಕಿಲ್ಲ? ವಾಸದ ಮನೆ ಅಡ ಇಡುವ ಮೊದಲು ಆ ಮನೆಯಲ್ಲಿ ವಾಸ ಇರುವ ಸಂಗಾತಿಗೆ ಒಂದು ತಿಳುವಳಿಕೆ ಪತ್ರ, ಅವರ ಭಾಷೆಯಲ್ಲಿ, ಕನ್ನಡದಲ್ಲಿ, ಕೊಡಲೇಬೇಕು ಅಂತ ಯಾಕೆ ಮಾಡಬಾರದು? ವಿಧಾನಸೌಧದಲ್ಲಿ, ಸಂಸತ್ತಿನಲ್ಲಿ ಕೂತವರು ಇದಕ್ಕೆ ಉತ್ತರ ಕೊಡಲಿ.

ಅಲ್ಲಿಯವರೆಗೆ, ಅಮ್ಮಂದಿರೇ, ಅಕ್ಕಂದಿರೇ, ಕಾಗದ ಮುಂದೆ ಬಂದಾಗ ಕೂತು ಓದಿ. ಅರ್ಥವಾಗದಿದ್ದರೆ ಮನೆಗೆ ತಗೊಂಡು ಬನ್ನಿ, ಗೊತ್ತಿರುವವರಿಗೆ ತೋರಿಸಿ. ಮನೆಗಾಗಿ ಸಹಿ ಹಾಕುವುದು ತಪ್ಪಲ್ಲ, ಎಷ್ಟೋ ಸಂಸಾರ ಅದರಿಂದಲೇ ಎದ್ದು ನಿಂತಿವೆ. ಆದರೆ ಆ ಸಹಿ ನಿಮ್ಮದಾಗಿರಲಿ, 'ಫಾರ್ಮಾಲಿಟಿ' ಆಗದಿರಲಿ. ಗಂಡಂದಿರಿಗೂ ಒಂದು ಮಾತು: ಹೆಂಡತಿ ಪ್ರಶ್ನೆ ಕೇಳಿದರೆ ಅದು ಅಪನಂಬಿಕೆ ಅಲ್ಲ ಸ್ವಾಮಿ. ಆ ಮನೆಯಲ್ಲಿ ಅವಳೂ ಇರಬೇಕಲ್ಲ!